ರಕ್ತ ನಿಂತಿತು ಅಂದರೆ ಅಪಾಯ ಮುಗಿಯಿತು ಅಂತಲ್ಲ: ಅನ್ನನಾಳದ ಕ್ಯಾನ್ಸರ್ ಮತ್ತು ನಾವು ಕೈಬಿಡುವ ಗಂಟೆಗಳು

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಅತ್ತೆಯ ಫೋನ್ ಬಂತು. "ನಿಮ್ಮ ಮಾವ ರಾತ್ರಿ ರಕ್ತ ಕಾರಿದ್ರಪ್ಪ. ಅರ್ಧ ಲೋಟ ಇರಬೋದು. ಈಗ ನಿಂತೈತೆ, ಚಾ ಕುಡಿದು ಕಟ್ಟೆ ಮೇಲೆ ಕೂತಾರೆ" ಅಂದರು.

ಮಾವನಿಗೆ ಅನ್ನನಾಳದ ಕ್ಯಾನ್ಸರ್ ಅಂತ ಗೊತ್ತಾಗಿ ಐದು ತಿಂಗಳಾಗಿತ್ತು. ರೇಡಿಯೇಶನ್ ಮುಗಿದಿತ್ತು. ಸೋಮವಾರ ಹೇಗೂ ಬೆಂಗಳೂರಿಗೆ ಬರೋದಿತ್ತು. "ನಿಂತಿದೆಯಲ್ಲ ಅತ್ತೆ, ಸೋಮವಾರ ಡಾಕ್ಟರಿಗೆ ಹೇಳೋಣ ಬಿಡಿ" ಅಂದೆ ನಾನು. ಭಾನುವಾರ ಬೆಳಗಿನ ಜಾವ ಎರಡನೇ ಸಲ ರಕ್ತ ಬಂತು. ಆ ಸಲ ನಿಲ್ಲಲಿಲ್ಲ. ಆಂಬುಲೆನ್ಸ್ ಮನೆ ಮುಟ್ಟೋ ಹೊತ್ತಿಗೆ ಮಾವ ಇರಲಿಲ್ಲ.

ಆಮೇಲೆ ಒಬ್ಬ ಕ್ಯಾನ್ಸರ್ ತಜ್ಞರ ಹತ್ತಿರ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಮಧ್ಯದಲ್ಲಿ ಎರಡು ದಿನ ಏನೂ ಇರಲಿಲ್ಲವಾ?" ಇರಲಿಲ್ಲ. "ಆ ಎರಡು ದಿನಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರೇ ಇದೆ" ಅಂದರು. ನಾನು ಓದಿದ್ದು ಎಂಜಿನಿಯರಿಂಗ್. ಯಂತ್ರದ ಅಲಾರಂ ಒಮ್ಮೆ ಕೂಗಿ ತಾನಾಗಿಯೇ ನಿಂತರೆ ಯಂತ್ರ ಸರಿಹೋಯಿತು ಅಂತ ಅರ್ಥವಲ್ಲ ಅನ್ನೋದು ಅಲ್ಲಿ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಮನುಷ್ಯನ ವಿಷಯದಲ್ಲಿ ಅದು ನನಗೆ ಹೊಳೆಯಲಿಲ್ಲ. ಈ ಬರಹ ಆ ಎರಡು ದಿನದ ಬಗ್ಗೆ.

ಪಕ್ಕದಲ್ಲೇ ಮಹಾಪಧಮನಿ

ಜಗತ್ತಿನಲ್ಲಿ 2022ರಲ್ಲಿ ಸುಮಾರು 5 ಲಕ್ಷ ಜನರಿಗೆ ಅನ್ನನಾಳದ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 4.45 ಲಕ್ಷ ಜನ ಅದರಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಭಾರತದ ಪಾಲು ವರ್ಷಕ್ಕೆ ಸುಮಾರು 70 ಸಾವಿರ ಹೊಸ ರೋಗಿಗಳು. ಈಶಾನ್ಯ ರಾಜ್ಯಗಳಲ್ಲಿ ಇದು ಅತಿ ಹೆಚ್ಚು. ಕರ್ನಾಟಕದಲ್ಲೂ ಹೆಚ್ಚಾಗಿ ಕಾಣುವ ಕ್ಯಾನ್ಸರ್‌ಗಳಲ್ಲಿ ಇದೊಂದು. ಕಿದ್ವಾಯಿಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಕಾರಣಗಳು ಬೀಡಿ, ಸಿಗರೇಟು, ಹೊಗೆಸೊಪ್ಪು, ಸಾರಾಯಿ, ಅಡಿಕೆ.

ಅನ್ನನಾಳ ಅಂದರೆ ಗಂಟಲಿನಿಂದ ಹೊಟ್ಟೆಯವರೆಗಿನ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಇದು ಎದೆಗೂಡಿನಲ್ಲಿ ತುಂಬಾ ಇಕ್ಕಟ್ಟಾದ ಜಾಗದಲ್ಲಿ ಇಳಿಯುತ್ತದೆ. ಮುಂದೆ ಶ್ವಾಸನಾಳ ಮತ್ತು ಹೃದಯ, ಹಿಂದೆ ಬೆನ್ನುಮೂಳೆ, ಪಕ್ಕದಲ್ಲೇ ಮಹಾಪಧಮನಿ. ಹೃದಯ ನಿಮಿಷಕ್ಕೆ ಪಂಪ್ ಮಾಡುವ ಸುಮಾರು 5 ಲೀಟರ್ ರಕ್ತ ಹೊರಬೀಳುವುದು ಇದೇ ಮಹಾಪಧಮನಿಗೆ. ಹೊಟ್ಟೆ, ಕರುಳುಗಳಿಗೆ ಹೊರಗಡೆ ಒಂದು ತೆಳು ಹೊದಿಕೆ ಇರುತ್ತದೆ. ಅನ್ನನಾಳದ ಬಹುಭಾಗಕ್ಕೆ ಅದಿಲ್ಲ. ಹಾಗಾಗಿ ಗೆಡ್ಡೆ ಗೋಡೆ ದಾಟಿ ಹೊರಗೆ ಬೆಳೆದರೆ ತಡೆಯೋಕೆ ಅಲ್ಲಿ ಹೆಚ್ಚೇನೂ ಇರೋದಿಲ್ಲ.

ಎರಡು ಥರದ ರಕ್ತಸ್ರಾವ

ಮೊದಲು ಒಂದು ಸಮಾಧಾನದ ಮಾತು. ಅನ್ನನಾಳದ ಕ್ಯಾನ್ಸರ್ ಇರುವವರಲ್ಲಿ ಕಾಣುವ ರಕ್ತಸ್ರಾವದಲ್ಲಿ ಹೆಚ್ಚಿನದು ಮಹಾಪಧಮನಿಯಿಂದ ಬರುವಂಥದ್ದಲ್ಲ. ಗೆಡ್ಡೆಯ ಮೇಲ್ಮೈ ಹುಣ್ಣಾಗಿ ಸಣ್ಣ ರಕ್ತನಾಳಗಳಿಂದ ಜಿನುಗುವ ರಕ್ತ ಅದು. ಕೆಲವರಿಗೆ ವಾಂತಿಯಲ್ಲಿ ಕಾಫಿ ಪುಡಿಯಂಥ ಕಪ್ಪು ಕಣಗಳು ಕಾಣುತ್ತವೆ. ಕೆಲವರಿಗೆ ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆಯಿಂದ ಹೋಗುತ್ತದೆ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ. ಆದರೆ ಅದು ಡಾಂಬರಿನಂತೆ ಅಂಟುವುದಿಲ್ಲ. ಇನ್ನು ಕೆಲವರಿಗೆ ಏನೂ ಕಾಣದೆ ಹಿಮೋಗ್ಲೋಬಿನ್ ಇಳಿಯುತ್ತಾ ಹೋಗಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ.

ಎರಡನೆಯದು ಅಪರೂಪ, ಆದರೆ ಭಯಾನಕ. ಗೆಡ್ಡೆ ಬೆಳೆದೋ, ರೇಡಿಯೇಶನ್ ನಂತರ ಅಂಗಾಂಶ ಸತ್ತು ಕಳಚಿಯೋ, ನುಂಗಲು ಅನುಕೂಲವಾಗಲಿ ಅಂತ ಹಾಕಿದ ಲೋಹದ ಸ್ಟೆಂಟ್ ಗೋಡೆಯನ್ನು ಸವೆಸಿಯೋ ಅನ್ನನಾಳ ಮತ್ತು ಮಹಾಪಧಮನಿಯ ನಡುವೆ ತೂತು ಬೀಳುತ್ತದೆ. ಇದರ ಲಕ್ಷಣಗಳ ಸರಣಿಯನ್ನು 1914ರಲ್ಲೇ ವಿವರಿಸಿದವರು ಹ್ಯಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞ. ಅವರ ಹೆಸರಿನಲ್ಲೇ ಅದನ್ನು ಕಿಯಾರಿಯ ತ್ರಿವಳಿ ಅನ್ನುತ್ತಾರೆ. ಮೊದಲು ಎದೆಯ ಮಧ್ಯದಲ್ಲಿ ನೋವು. ನಂತರ ಕೆಂಪು ರಕ್ತದ ಒಂದು ಸಣ್ಣ ವಾಂತಿ. ಇದನ್ನು ಕಾವಲುಗಾರ ರಕ್ತಸ್ರಾವ ಅನ್ನಬಹುದು, ಮುಂದೆ ಬರುವುದನ್ನು ಕೂಗಿ ಹೇಳುವಂಥದ್ದು. ಆಮೇಲೆ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ, ಏನೂ ಇಲ್ಲ. ಕೊನೆಗೆ ತಡೆಯಲಾಗದ ರಕ್ತಸ್ರಾವ.

ಮಧ್ಯದಲ್ಲಿ ಯಾಕೆ ನಿಲ್ಲುತ್ತದೆ? ರಕ್ತ ಹೋದಾಗ ರಕ್ತದೊತ್ತಡ ಇಳಿಯುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ತೂತಿನ ಬಾಯಿಗೆ ಹೆಪ್ಪುಗಟ್ಟಿದ ರಕ್ತ ಬಿರಡೆಯ ಹಾಗೆ ಕೂರುತ್ತದೆ. ಒತ್ತಡ ಮತ್ತೆ ಏರಿದಾಗಲೋ, ಹೆಪ್ಪು ಕರಗಿದಾಗಲೋ ಬಿರಡೆ ಹಾರುತ್ತದೆ. ಅಂದರೆ ರೋಗಿ ಚೇತರಿಸಿಕೊಂಡ ಹಾಗೆ ಕಾಣೋದು ಮತ್ತು ಅಪಾಯ ಹತ್ತಿರ ಬರೋದು ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ನಾನು "ಸೋಮವಾರ ನೋಡೋಣ" ಅಂದಿದ್ದು ಇದೇ ಹೊತ್ತಿನಲ್ಲಿ.

ಮೊದಲ ಸಲ ಬಂದ ರಕ್ತ ಜಿನುಗಿದ್ದಾ, ಕಾವಲುಗಾರನಾ ಅಂತ ಮನೆಯಲ್ಲಿ ಕೂತು ಹೇಳೋಕೆ ಯಾರಿಗೂ ಆಗಲ್ಲ. ಆದ್ದರಿಂದ ನಿಯಮ ಸರಳ: ಅನ್ನನಾಳದ ಕ್ಯಾನ್ಸರ್ ಇರುವವರು ಕೆಂಪು ರಕ್ತ ವಾಂತಿ ಮಾಡಿದರೆ, ಒಂದು ಚಮಚವೇ ಇರಲಿ, ನಿಂತೇ ಹೋಗಿರಲಿ, ಅವತ್ತೇ ಆಸ್ಪತ್ರೆ.

ಮನೆಯಲ್ಲಿ ಏನು ಮಾಡಬೇಕು

ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿಸಿದರೆ ರಕ್ತ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರು ಕಟ್ಟಿಯೇ ಜೀವ ಹೋಗಬಹುದು. ನೀರು, ಮಜ್ಜಿಗೆ, ಮಾತ್ರೆ, ಏನನ್ನೂ ಬಾಯಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿದಾಗ "ಹುಷಾರಿಲ್ಲ" ಅನ್ನಬೇಡಿ. "ಅನ್ನನಾಳದ ಕ್ಯಾನ್ಸರ್ ರೋಗಿ, ರಕ್ತ ವಾಂತಿ ಆಗಿದೆ" ಅಂತ ಸ್ಪಷ್ಟವಾಗಿ ಹೇಳಿ. ವಾಂತಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ರಕ್ತದ ಬಣ್ಣ ಮತ್ತು ಪ್ರಮಾಣ ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿದರೆ ಡಾಕ್ಟರಿಗೆ ಬೇಗ ಅರ್ಥವಾಗುತ್ತದೆ.

ಫೈಲ್ ಜೊತೆಗೆ ಮಾತ್ರೆಗಳ ಚೀಟಿಯೂ ಹೋಗಬೇಕು. ಹೃದಯಕ್ಕೆ ಅಂತ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ರಕ್ತ ತೆಳು ಮಾಡುವ ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ. ಇನ್ನೊಂದು: ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಕ್ಯಾನ್ಸರ್ ನೋವಿಗೆ ಹಳ್ಳಿಗಳಲ್ಲಿ ಹೆಚ್ಚಾಗಿ ನುಂಗುವುದು ಇವನ್ನೇ, ಯಾಕೆಂದರೆ ಮಾರ್ಫಿನ್ ಸಿಗೋದಿಲ್ಲ. ಆ ವಿಷಯಕ್ಕೆ ಮುಂದೆ ಬರ್ತೀನಿ.

ಆಸ್ಪತ್ರೆಯಲ್ಲಿ ಏನಾಗಬೇಕು

ಮೊದಲು ಉಸಿರಿನ ದಾರಿ ಕಾಪಾಡಬೇಕು. ಎರಡೂ ಕೈಗೆ ದಪ್ಪ ಸೂಜಿ ಹಾಕಬೇಕು. ರಕ್ತದ ಗುಂಪು ನೋಡಿ ಕ್ರಾಸ್‌ಮ್ಯಾಚ್‌ಗೆ ಕಳಿಸಬೇಕು. ವಯಸ್ಕರ ಮೈಯಲ್ಲಿ ಇರೋದು ಸುಮಾರು 5 ಲೀಟರ್ ರಕ್ತ. ಅದರಲ್ಲಿ ಒಂದೂವರೆಯಿಂದ ಎರಡು ಲೀಟರ್ ಹೋದರೆ ರಕ್ತದೊತ್ತಡ ಕುಸಿಯುತ್ತದೆ. ಆಗ ಬರೀ ಸಲೈನ್ ಏರಿಸುತ್ತಾ ಹೋದರೆ ಉಳಿದ ರಕ್ತವೂ ತೆಳುವಾಗಿ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಬೇಕಾಗುವುದು ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರೂ.

ಎಷ್ಟು ರಕ್ತ ಕೊಡಬೇಕು? ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ ರೂಢಿಯನ್ನೇ ಬದಲಿಸಿತು. ಜಠರ, ಅನ್ನನಾಳಗಳಿಂದ ರಕ್ತ ಹೋದ 921 ರೋಗಿಗಳಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ 95% ಜನ ಆರು ವಾರದ ನಂತರ ಬದುಕಿದ್ದರು. 9ಕ್ಕೆ ಇಳಿದ ಕೂಡಲೇ ಕೊಟ್ಟವರಲ್ಲಿ ಬದುಕಿದ್ದವರು 91%. ಆದರೆ ಹುಷಾರು: ಧಾರಾಕಾರವಾಗಿ ರಕ್ತ ಹೋಗುತ್ತಿದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಅಂಥವರಿಗೆ ರಿಪೋರ್ಟಿನಲ್ಲಿ 7 ಕಾಣುವವರೆಗೆ ಕಾಯೋದು ಅಂದರೆ ಸಾವಿಗೆ ಕಾದ ಹಾಗೆ. ಆಗಷ್ಟೇ ರಕ್ತ ಹೋದವರ ಹಿಮೋಗ್ಲೋಬಿನ್ ಮೊದಲಲ್ಲಿ ಇಳಿದಂತೆ ಕಾಣೋದೂ ಇಲ್ಲ.

ಇನ್ನೊಂದು ಅಧ್ಯಯನ ನಮ್ಮಲ್ಲಿ ಎಲ್ಲರೂ ತಿಳಿಯಬೇಕಾದ್ದು. ರಕ್ತ ನಿಲ್ಲಿಸೋ ಇಂಜೆಕ್ಷನ್ ಅಂತ ಟ್ರಾನೆಕ್ಸಾಮಿಕ್ ಆಸಿಡ್ ಕೊಡೋದು ಎಲ್ಲ ಕಡೆ ರೂಢಿ. ಅಪಘಾತದ ಗಾಯಾಳುಗಳಿಗೆ, ಹೆರಿಗೆಯ ರಕ್ತಸ್ರಾವಕ್ಕೆ ಅದು ಜೀವ ಉಳಿಸುವ ಔಷಧಿ. ಆದರೆ ಜೀರ್ಣಾಂಗದ ರಕ್ತಸ್ರಾವಕ್ಕೆ? 15 ದೇಶಗಳ 12,009 ರೋಗಿಗಳ ಮೇಲೆ ನಡೆದ ಹಾಲ್ಟ್-ಇಟ್ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಸಾವು ಕಡಿಮೆಯಾಗಲಿಲ್ಲ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ತೊಂದರೆ ಮಾತ್ರ ಹೆಚ್ಚಾಯಿತು. ಆದ್ದರಿಂದ "ಇಂಜೆಕ್ಷನ್ ಕೊಟ್ಟಿದೀವಿ, ಮನೆಗೆ ಹೋಗಿ" ಅಂದರೆ ಚಿಕಿತ್ಸೆ ಆಯಿತು ಅಂದುಕೊಳ್ಳಬೇಡಿ.

ಮುಂದಿನ ಹೆಜ್ಜೆ ರಕ್ತ ಎಲ್ಲಿಂದ ಬರುತ್ತಿದೆ ಅಂತ ಹುಡುಕೋದು. ಗೆಡ್ಡೆಯಿಂದ ಜಿನುಗುತ್ತಿದೆ ಅನ್ನಿಸಿದರೆ ಎಂಡೋಸ್ಕೋಪಿ. ಕ್ಯಾನ್ಸರ್ ಅಂಗಾಂಶ ಕೊಳೆತ ಹಣ್ಣಿನಂತೆ ಮೆತ್ತಗಿರುತ್ತದೆ, ಕ್ಲಿಪ್ ಹಾಕಿದರೆ ನಿಲ್ಲೋದು ಕಷ್ಟ. ಆರ್ಗಾನ್ ಅನಿಲದ ಮೂಲಕ ಶಾಖ ಕೊಟ್ಟು ಮೇಲ್ಮೈ ಸುಡುತ್ತಾರೆ. ಈಚೆಗೆ ರಕ್ತ ಹೆಪ್ಪುಗಟ್ಟಿಸುವ ಒಂದು ಪುಡಿಯನ್ನು ಎಂಡೋಸ್ಕೋಪಿನ ಮೂಲಕ ಸಿಂಪಡಿಸುತ್ತಾರೆ. ಜೀರ್ಣಾಂಗದ ಕ್ಯಾನ್ಸರ್ ಗೆಡ್ಡೆಗಳ ರಕ್ತಸ್ರಾವದ ಮೇಲೆ ಥಾಯ್ಲೆಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪುಡಿ ಸಿಂಪಡಿಸಿದವರಲ್ಲಿ ಒಂದು ತಿಂಗಳೊಳಗೆ ಮತ್ತೆ ರಕ್ತ ಬಂದದ್ದು ಸುಮಾರು 2% ಜನರಿಗೆ, ಹಳೆಯ ವಿಧಾನದಲ್ಲಿ ಸುಮಾರು 21% ಜನರಿಗೆ. ಅದರ ನಂತರ ಗೆಡ್ಡೆಗೆ ಕಡಿಮೆ ಪ್ರಮಾಣದ ರೇಡಿಯೇಶನ್ ಕೊಡಬಹುದು, ಒಂದೇ ಸಲಕ್ಕೆ 8 ಗ್ರೇ ಅಥವಾ ಐದು ದಿನಕ್ಕೆ ಒಟ್ಟು 20 ಗ್ರೇ. ಇದು ಕೆಲಸ ಮಾಡೋಕೆ ಕೆಲವು ದಿನ ಬೇಕು, ಆದರೆ ಪದೇಪದೇ ಜಿನುಗುವುದನ್ನು ಚೆನ್ನಾಗಿ ತಡೆಯುತ್ತದೆ. ರಕ್ತ ಕೊಡುವ ಸಣ್ಣ ಅಪಧಮನಿಯನ್ನು ತೊಡೆಯಿಂದ ತೂರಿಸಿದ ಕೆಥೆಟರ್ ಮೂಲಕ ಮುಚ್ಚುವ ದಾರಿಯೂ ಇದೆ.

ಮಹಾಪಧಮನಿಯ ಅನುಮಾನ ಬಂದರೆ ಕ್ರಮ ಬೇರೆ. ಎದೆನೋವು, ಕೆಂಪು ರಕ್ತ, ಈಚೆಗೆ ರೇಡಿಯೇಶನ್ ಅಥವಾ ಸ್ಟೆಂಟ್, ಗೆಡ್ಡೆ ಮಹಾಪಧಮನಿಗೆ ತಾಗಿಕೊಂಡಿದೆ ಅಂತ ಹಳೆಯ ಸ್ಕ್ಯಾನಿನಲ್ಲಿ ಬರೆದಿದ್ದರೆ, ಎಂಡೋಸ್ಕೋಪಿಗಿಂತ ಮೊದಲು ಸಿಟಿ ಆಂಜಿಯೋಗ್ರಾಂ ಆಗಬೇಕು. ಎಂಡೋಸ್ಕೋಪು ಆ ಬಿರಡೆಯನ್ನೇ ತಳ್ಳಿಬಿಡಬಹುದು. ರಕ್ತದೊತ್ತಡವನ್ನು ಮಾಮೂಲಿಗೆ ಏರಿಸಲು ಆತುರಪಡಬಾರದು. ತೂತು ಕಂಡರೆ ತೊಡೆಯ ಅಪಧಮನಿಯ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟನ್ನು ಮಹಾಪಧಮನಿಯೊಳಗೆ ಕೂರಿಸಿ ಒಳಗಿನಿಂದಲೇ ತೂತು ಮುಚ್ಚುತ್ತಾರೆ. ಎದೆ ಸೀಳಬೇಕಿಲ್ಲ. ರಕ್ತ ತಕ್ಷಣ ನಿಲ್ಲುತ್ತದೆ. ಆದರೆ ಅನ್ನನಾಳದ ಕಡೆಯ ತೂತು ಹಾಗೇ ಇರುತ್ತದೆ, ಅಲ್ಲಿಂದ ಸೋಂಕು ತಗಲುತ್ತದೆ. ಕ್ಯಾನ್ಸರ್ ಮುಂದುವರಿದವರಿಗೆ ಇದು ವಾರಗಳನ್ನೋ ತಿಂಗಳುಗಳನ್ನೋ ಕೊಡುತ್ತದೆ, ಗುಣ ಮಾಡುವುದಿಲ್ಲ.

ಎರಡನೇ ದಾರಿಯೂ ಚಿಕಿತ್ಸೆಯೇ

ಹಾಗಾದರೆ ಎಲ್ಲರಿಗೂ ಇಷ್ಟೆಲ್ಲ ಮಾಡಲೇಬೇಕಾ? ಇಲ್ಲ. ಕ್ಯಾನ್ಸರ್ ಎಲ್ಲ ಕಡೆ ಹರಡಿ, ಹಾಸಿಗೆ ಹಿಡಿದು, ಇನ್ನು ಆಸ್ಪತ್ರೆ ಬೇಡ ಅಂತ ರೋಗಿಯೇ ಹೇಳುತ್ತಿದ್ದರೆ ಆ ಮಾತಿಗೆ ಬೆಲೆ ಇದೆ. ಆದರೆ ಚಿಕಿತ್ಸೆ ಬೇಡ ಅನ್ನೋದಕ್ಕೂ ಆರೈಕೆಯೇ ಸಿಗದೆ ಹೋಗೋದಕ್ಕೂ ಅಜಗಜಾಂತರ ಇದೆ.

ಪ್ಯಾಲಿಯೇಟಿವ್ ಕೇರ್ ತಂಡಗಳು ರಕ್ತಸ್ರಾವದ ಅಪಾಯ ಇರುವ ರೋಗಿಯ ಮನೆಯವರ ಜೊತೆ ಮೊದಲೇ ಕೂತು ಯೋಜನೆ ಮಾಡುತ್ತವೆ. ಹಾಸಿಗೆಯ ಪಕ್ಕ ಕಡು ಬಣ್ಣದ ಟವೆಲ್, ಬೆಡ್‌ಶೀಟ್ ಇಟ್ಟಿರುತ್ತಾರೆ. ಕೆಂಪು ಎದ್ದು ಕಾಣುವುದಿಲ್ಲ, ರೋಗಿಗೂ ಮನೆಯವರಿಗೂ ಗಾಬರಿ ಅಷ್ಟು ಕಡಿಮೆ. ಭಯ ಮತ್ತು ಸಂಕಟ ಇಳಿಸುವ ಮಿಡಜೋಲಮ್ ಔಷಧಿಯನ್ನು ಮೊದಲೇ ಅಳೆದಿಟ್ಟು, ಯಾರು ಕೊಡಬೇಕು ಅಂತ ಹೇಳಿಕೊಟ್ಟಿರುತ್ತಾರೆ. ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನೋದು ಗೋಡೆಯ ಮೇಲೆ ಬರೆದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಹಾಪಧಮನಿ ಒಡೆದರೆ ಕೆಲವೇ ನಿಮಿಷ ಇರುತ್ತದೆ, ಔಷಧಿ ಹುಡುಕಲು ಓಡಬೇಡಿ, ಕೈ ಹಿಡಿದು ಪಕ್ಕದಲ್ಲಿರಿ ಅಂತ ಹೇಳಿರುತ್ತಾರೆ. ನಮ್ಮ ಅತ್ತೆ ಆ ಹೊತ್ತಿನಲ್ಲಿ ಬೀದಿಯಲ್ಲಿ ನಿಂತು ಆಂಬುಲೆನ್ಸಿನ ದಾರಿ ಕಾಯುತ್ತಿದ್ದರು. ಮಾವ ಒಳಗೆ ಒಬ್ಬರೇ ಇದ್ದರು. ಅತ್ತೆ ಇವತ್ತಿಗೂ ಹೇಳಿಕೊಳ್ಳೋದು ಅದೊಂದನ್ನೇ.

ಈ ದಾರಿಗೆ ಕಾನೂನಿನ ಬೆಂಬಲವೂ ಇದೆ. ಸುಪ್ರೀಂ ಕೋರ್ಟ್ 2018ರ ಕಾಮನ್ ಕಾಸ್ ತೀರ್ಪಿನಲ್ಲಿ ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗ ಅಂತ ಹೇಳಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿ ಮಾಡುವ ಆದೇಶ ಹೊರಡಿಸಿತು. ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಪ್ರಜ್ಞೆ ಇರುವಾಗಲೇ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಇದು ದಯಾಮರಣದ ಇಂಜೆಕ್ಷನ್ ಅಲ್ಲ. ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರಗಳನ್ನು ಬೇಡ ಅನ್ನುವ ಹಕ್ಕು.

ಇದು ಯಾಕೆ ರಾಜಕೀಯದ ಪ್ರಶ್ನೆ

ಮೇಲೆ ಹೇಳಿದ ಎರಡೂ ದಾರಿಗಳು ಕಾಗದದ ಮೇಲೆ ಇವೆ. ಊರಿಗೆ ಹೋದರೆ ಎರಡೂ ಇಲ್ಲ.

ಮೊದಲ ದಾರಿಗೆ ಒಂದೇ ಸೂರಿನ ಕೆಳಗೆ ರಕ್ತ, ರಾತ್ರಿಯೂ ನಡೆಯುವ ಎಂಡೋಸ್ಕೋಪಿ, ಸಿಟಿ ಆಂಜಿಯೋಗ್ರಾಂ ಮತ್ತು ರಕ್ತನಾಳದೊಳಗೆ ಕೆಲಸ ಮಾಡುವ ರೇಡಿಯಾಲಜಿಸ್ಟ್ ಬೇಕು. ಅಂಥ ತಜ್ಞರು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕೆಲವೇ ನಗರಗಳಲ್ಲಿ ತುಂಬಿಕೊಂಡಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಚ್ಚೆಂದರೆ ರಕ್ತ ಶೇಖರಣಾ ಘಟಕ ಇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇಲ್ಲದೆಯೂ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಪತ್ರಕ್ಕಾಗಿ ಬೆಳಗಾಗುವವರೆಗೆ ಕಾಯುತ್ತಾರೆ.

ಎರಡನೇ ದಾರಿಗೆ ಬೇಕಾದ್ದು ಅಗ್ಗದ್ದು: ಮಾರ್ಫಿನ್, ಮಿಡಜೋಲಮ್, ಮನೆಗೆ ಬರುವ ಒಬ್ಬ ನರ್ಸ್, ಒಂದು ಫೋನ್ ನಂಬರ್. 1985ರ ಮಾದಕವಸ್ತು ಕಾಯ್ದೆಯ ಭಯದಿಂದ ಮಾರ್ಫಿನ್ ಆಸ್ಪತ್ರೆಗಳಿಂದಲೇ ಮಾಯವಾಗಿತ್ತು. ಸಂಸತ್ತು 2014ರಲ್ಲಿ ತಿದ್ದುಪಡಿ ತಂದು ಹಲವು ಲೈಸೆನ್ಸ್‌ಗಳ ಗೋಜಲನ್ನು ತೆಗೆದುಹಾಕಿತು. ಕಾನೂನು ಬದಲಾದರೂ ಔಷಧಿ ತಾಲ್ಲೂಕಿನವರೆಗೆ ಇಳಿಯಲಿಲ್ಲ. ಪಕ್ಕದ ಕೇರಳ 2008ರಲ್ಲೇ ಪ್ಯಾಲಿಯೇಟಿವ್ ಕೇರ್ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ಮನೆಗೇ ನರ್ಸ್ ಕಳಿಸುವ ವ್ಯವಸ್ಥೆ ಕಟ್ಟಿತು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಹಣ ತಗೊಳ್ಳದೆ ಈ ಕೆಲಸ ಮಾಡುತ್ತಿವೆ. ಆದರೆ ದಾನದಿಂದ ನಡೆಯುವ ಸಂಸ್ಥೆಗಳು ಸರ್ಕಾರದ ಜವಾಬ್ದಾರಿಗೆ ಬದಲಿ ಆಗೋಕೆ ಸಾಧ್ಯವಿಲ್ಲ.

ಹಾಗಾಗಿ ಓದುತ್ತಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಜಿಲ್ಲಾಸ್ಪತ್ರೆಗೆ ಹತ್ತು ರೂಪಾಯಿಯ ಒಂದು ಆರ್‌ಟಿಐ ಅರ್ಜಿ ಹಾಕಿ. ನಾಲ್ಕೇ ಪ್ರಶ್ನೆ. ರಾತ್ರಿ ಹೊತ್ತು ತುರ್ತು ಎಂಡೋಸ್ಕೋಪಿ ನಡೆಯುತ್ತದೆಯೇ? ಕಳೆದ ಒಂದು ವರ್ಷದಲ್ಲಿ ಎಷ್ಟು ದಿನ ಬ್ಲಡ್ ಬ್ಯಾಂಕಿನಲ್ಲಿ ಓ ನೆಗೆಟಿವ್ ರಕ್ತ ಇರಲಿಲ್ಲ? ಮಾರ್ಫಿನ್ ಮಾತ್ರೆಯ ದಾಸ್ತಾನು ಎಷ್ಟು, ಎಷ್ಟು ರೋಗಿಗಳಿಗೆ ಕೊಡಲಾಗಿದೆ? ಮನೆಗೆ ಹೋಗುವ ಪ್ಯಾಲಿಯೇಟಿವ್ ಕೇರ್ ತಂಡ ಇದೆಯೇ? ಉತ್ತರ ಬಂದ ಮೇಲೆ ಅದನ್ನು ಹಿಡಿದು ನಿಮ್ಮ ಶಾಸಕರನ್ನು ಕೇಳಿ. ಚುನಾವಣೆಯ ಪ್ರಣಾಳಿಕೆಗಳಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕಟ್ಟಡಗಳು ಬರುತ್ತವೆ. ಈ ನಾಲ್ಕು ಪ್ರಶ್ನೆಗಳ ಉತ್ತರ ಬರೋದಿಲ್ಲ.

ಈಗ ಅದೇ ಫೋನ್ ಬಂದರೆ ನಾನು ಸೋಮವಾರದ ಮಾತು ಆಡೋದಿಲ್ಲ. "ಅತ್ತೆ, ಮಾವನ್ನ ಎಡಮಗ್ಗುಲಿಗೆ ಮಲಗಿಸಿ. ಚಾ ಕೊಡಬೇಡಿ. 108ಕ್ಕೆ ನಾನೇ ಹೇಳ್ತೀನಿ, ರಕ್ತ ಇರೋ ಆಸ್ಪತ್ರೆ ಯಾವುದು ಅಂತ ಕೇಳಿ ಅಲ್ಲಿಗೇ ಕರಕೊಂಡು ಹೋಗಿ. ಮಾವನ್ನ ಒಂದು ಮಾತು ಕೇಳಿ, ಅವರಿಗೆ ಏನು ಬೇಕು ಅಂತ. ನೀವು ಅವರ ಪಕ್ಕ ಬಿಟ್ಟು ಏಳಬೇಡಿ" ಅಂತೀನಿ.